ಬಾಲ್ದಿ, ಚಾವಿ, ತುವಾಲು

ಮ್ಯೂನಿಕ್,
ಅಕ್ಟೋಬರ್ ಕೊನೆಯ ಭಾನುವಾರ

ತೀರ್ಥರೂಪ ಅಪ್ಪನಿಗೆ ಮತ್ತು ಪ್ರೀತಿಯ ಅಮ್ಮನಿಗೆ ಮಗಳ ಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾನು ಕ್ಷೇಮ. ಲಿಸ್ಬನ್‌ನಿಂದ ಹೊರಟು ನಿನ್ನೆ ರಾತ್ರಿ ಹನ್ನೆರಡರ ಹೊತ್ತಿಗೆ ಕೋಣೆಗೆ ಬಂದು ಮುಟ್ಟಿದೆ. ಫೋನಿನಲ್ಲಿ "ತಲುಪಿದೆ" ಎಂದಷ್ಟೇ ಹೇಳಿದೆ, ಉಳಿದದ್ದನ್ನು ಕಾಗದದಲ್ಲಿ ಬರೆಯಬೇಕೆಂದು ವಿಮಾನದಲ್ಲೇ ನಿಶ್ಚಯಿಸಿದ್ದೆ. ಫೋನಿನ ಮಾತನ್ನು ಇನ್ನೊಮ್ಮೆ ತೆಗೆದು ಓದಲು ಆಗುವುದಿಲ್ಲ ಎಂದು ಅಪ್ಪ ಯಾವಾಗಲೂ ಹೇಳುತ್ತಾರಲ್ಲ. ಓದಿ ಆದ ಮೇಲೆ ಇದನ್ನು ಪುತ್ತೂರಿಗೆ ಅಕ್ಕನಿಗೂ ಕಳುಹಿಸಿಕೊಡಿ.

ಅಮ್ಮ, ಒಬ್ಬಳೇ ಊರು ನೋಡಲು ಹೋಗುತ್ತೇನೆ ಎಂದಾಗ ನೀನು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಿನ್ನ ಹೆದರಿಕೆ ನನಗೆ ಅರ್ಥವಾಗಿತ್ತು. ನಾಲ್ಕು ದಿನವೂ ಕತ್ತಲಾಗುವ ಮೊದಲು ವಸತಿಗೆ ಮರಳಿದ್ದೇನೆ, ಹೊಟ್ಟೆಗೆ ಕಡಿಮೆ ಮಾಡಿಕೊಂಡಿಲ್ಲ. ಅಲ್ಲಿಯ ಪ್ರಸಿದ್ಧ ಸಿಹಿತಿಂಡಿಗೆ ಮೊಟ್ಟೆ ಹಾಕುತ್ತಾರೆ, ಹಾಗಾಗಿ ಅದನ್ನು ಬಿಟ್ಟೆ. ಬ್ರೆಡ್ಡು, ಬೇಯಿಸಿದ ಬಟಾಟೆ, ಹಣ್ಣು ಧಾರಾಳ ಸಿಗುತ್ತಿತ್ತು. ಮೊದಲ ಮೂರು ದಿನದ ಫೋಟೊಗಳನ್ನು ನೀವು ನೋಡಿಯೇ ಇದ್ದೀರಿ. ನಾನು ಹೇಳಬೇಕಾದದ್ದು ಕೊನೆಯ ದಿನದ್ದು.

ನಾನು ಉಳಿದದ್ದು ಅಲ್ಫಾಮ ಎಂಬ ಹಳೆಯ ಕೇರಿಯಲ್ಲಿ. ಗುಡ್ಡದ ಮೈಗೆ ಅಂಟಿಕೊಂಡ ಮನೆಗಳು, ಅವುಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಬದಿಗೆ ಸರಿಯಬೇಕಾದಂಥ ಓಣಿ, ಓಣಿಯ ಬದಲು ಕೆಲವೆಡೆ ಬರೀ ಮೆಟ್ಟಿಲು. ಕಿಟಕಿಗಳ ಹೊರಗೆಲ್ಲ ಒಗೆದ ಬಟ್ಟೆ. ಮನೆಯೊಡತಿ ಎಪ್ಪತ್ತು ದಾಟಿದ ಅಜ್ಜಿ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಪೋರ್ಚುಗೀಸ್ ಬಾರದು. ಮೂರು ದಿನ ನಮ್ಮ ವ್ಯವಹಾರವೆಲ್ಲ ನಗುವಿನಲ್ಲೇ ನಡೆದಿತ್ತು.

ಶನಿವಾರ ಬೆಳಿಗ್ಗೆ ಕೋಣೆ ಬಿಟ್ಟುಕೊಡಲು ಕೆಳಗಿಳಿದಾಗ ಅವರು ಹೊರಗಿನ ಮೆಟ್ಟಿಲು ತೊಳೆಯುತ್ತಿದ್ದರು. ನೀಲಿ ಬಣ್ಣದ ಪ್ಲಾಸ್ಟಿಕ್ ಬಾಲ್ದಿ, ಅದರ ಕೈ ಮುರಿದು ಹೋಗಿ ಒಂದು ತುಂಡು ಹಗ್ಗ ಕಟ್ಟಿದ್ದರು. ನಾನು ಚೀಲ ಹಿಡಿದು ದಾಟುವಾಗ ಅದಕ್ಕೆ ಕಾಲು ತಾಗಿ ಅರ್ಧ ನೀರು ಚೆಲ್ಲಿತು. ಗಾಬರಿಯಲ್ಲಿ ನನ್ನ ಬಾಯಿಂದ "ಅಯ್ಯೋ, ಬಾಲ್ದಿ!" ಎಂದು ಕನ್ನಡವೇ ಬಂತು. ಅಜ್ಜಿ ಪೊರಕೆ ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಬೆರಳು ತೋರಿಸಿ ನಿಧಾನಕ್ಕೆ "ಬಾಲ್ದ್" ಎಂದರು. ನಾನು "ಹೌದು, ಬಾಲ್ದಿ" ಎಂದೆ.

ಇನ್ನೇನು ಹೇಳಲಿ ಅಪ್ಪ! ನನ್ನ ಕೈಯಲ್ಲಿದ್ದ ಚಾವಿ ಎತ್ತಿ ತೋರಿಸಿ "ಚಾವಿ" ಎಂದೆ. ಅವರು "ಶಾವ್" ಎಂದರು. ಮೇಲಿನ ಕಿಟಕಿ ತೋರಿಸಿ ಅವರೇ "ಜನೆಲ" ಎಂದರು. ನಮ್ಮ ಪಕ್ಕದ ಮನೆಯ ಮಲಯಾಳದವರು ಜನಲ್ ಎನ್ನುವುದು ಅದನ್ನೇ. ಹಗ್ಗದ ಮೇಲೆ ಒಣಗುತ್ತಿದ್ದ ತುವಾಲಿಗೆ ಅವರದು "ತುವಾಲ್ಯ". ಅಜ್ಜಿಗೆ ಹುರುಪು ಬಂದು ನನ್ನನ್ನು ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಬುಟ್ಟಿಯಿಂದ ಒಂದೊಂದಾಗಿ ಎತ್ತಿ ತೋರಿಸುವುದು, ನಾನು ಹೇಳುವುದು. ಬಟಾಟೆ ಅಲ್ಲಿಯೂ "ಬತಾತ". ಪಪ್ಪಾಯಿ "ಪಪಾಯ". ಅನನಾಸು "ಅನನಾಷ್". ಈರುಳ್ಳಿಗೆ ಬಂದಾಗ ಇಬ್ಬರದೂ ಬೇರೆ ಬೇರೆಯಾಯಿತು, ಅವರಿಗೆ ನಿಜಕ್ಕೂ ಬೇಸರವಾದಂತೆ ಕಂಡಿತು.

ಘಟ್ಟದ ಮೇಲಿನ ಗೆಳತಿಯರು ಆಲೂಗಡ್ಡೆ, ಬಕೆಟ್ ಎನ್ನುವಾಗ ನಾನು ಬಟಾಟೆ, ಬಾಲ್ದಿ ಎಂದರೆ ಬೆಂಗಳೂರಿನ ಹಾಸ್ಟೆಲಿನಲ್ಲಿ ನಗುತ್ತಿದ್ದರು. ನಮ್ಮದು ಶುದ್ಧ ಕನ್ನಡವಲ್ಲವೇನೋ ಎಂಬ ಕುಗ್ಗು ಎರಡು ವರ್ಷ ನನ್ನಲ್ಲಿತ್ತು. ನಮ್ಮ ಕರಾವಳಿಗೆ ಗೋವೆಯ ದಾರಿಯಿಂದ, ಹಡಗಿನ ಬಾಯಿಯಿಂದ ಇಳಿದು ಬಂದ ಮಾತುಗಳು ಇವು. ನಮ್ಮ ಬಚ್ಚಲಿನಲ್ಲಿ ಇಷ್ಟು ಕಾಲ ಬಾಳಿದ ಮೇಲೆ ಅವು ನಮ್ಮವೇ. ಆ ಅಡುಗೆಮನೆಯಲ್ಲಿ ನಿಂತಾಗ ಆ ಕುಗ್ಗಿನ ಸುಳಿವೂ ಉಳಿಯಲಿಲ್ಲ.

ಹೊರಡುವಾಗ ಅಜ್ಜಿ ಒಂದು ಚಿಕ್ಕ ತುವಾಲು ಮಡಚಿ ನನ್ನ ಕೈಯಲ್ಲಿಟ್ಟರು. ಬಿಳಿಯದು, ಅಂಚಿಗೆ ನೀಲಿ ಗೆರೆ. ಬೇಡ ಎನ್ನಲು ನನಗೆ ಭಾಷೆ ಇರಲಿಲ್ಲ.

ಚೀಲವನ್ನು ಅವರ ಬಳಿಯೇ ಬಿಟ್ಟು 15ನೇ ನಂಬರಿನ ಟ್ರಾಮಿನಲ್ಲಿ ಬೆಲೆಂಗೆ ಹೋದೆ. ಅಲ್ಲಿ ಜೆರೊನಿಮೋಸ್ ಎಂಬ ದೊಡ್ಡ ಮಠ ಇದೆ. ಅದರ ಇಗರ್ಜಿಯಲ್ಲಿ, ಒಳಗೆ ಕಾಲಿಟ್ಟ ಕೂಡಲೇ ಎಡಗಡೆ, ವಾಸ್ಕೊ ಡ ಗಾಮನ ಸಮಾಧಿ. ಶಿಲೆಯ ಮನುಷ್ಯ ಕೈ ಜೋಡಿಸಿ ಮಲಗಿದ್ದಾನೆ. ಪಕ್ಕದಲ್ಲಿ ಹಡಗಿನ ಕೆತ್ತನೆ. ಮಠದ ಕಲ್ಲಿನಲ್ಲಿ ಎಲ್ಲಿ ನೋಡಿದರೂ ಹಗ್ಗ. ಹುರಿ ಹೊಸೆದದ್ದು, ಗಂಟು ಹಾಕಿದ್ದು, ಎಳೆ ಎಳೆ ಎಣಿಸಬಹುದಾದಷ್ಟು ಸ್ಪಷ್ಟ. ಆ ಹಗ್ಗದ ಮೇಲೆ ಕಣ್ಣಿಟ್ಟು ಬಹಳ ಹೊತ್ತು ನಿಂತೆ. 1514ರ ಸುಮಾರಿಗೆ ನಮ್ಮ ಕುಂಬಳೆಯನ್ನು ಕಂಡ ಬಾರ್ಬೋಸಾ ಎಂಬ ಪೋರ್ಚುಗೀಸನು, ಕುಂಬಳೆಯಿಂದ ಮಾಲ್ದೀವಿಗೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರಿನ ಹುರಿ ಬರುತ್ತಿತ್ತೆಂದು ಬರೆದದ್ದನ್ನು ನೀವು ಪಾಠದ ನಡುವೆ ಹೇಳಿದ್ದಿರಿ. ಆರನೇ ತರಗತಿಯಲ್ಲಿ ಕೇಳಿದ್ದು ಅಲ್ಲಿ ನೆನಪಾಯಿತು.

ಈ ಮಠ ಕಟ್ಟಲು ಆರಂಭಿಸಿದ್ದು 1501ರಲ್ಲಿ. ಆಫ್ರಿಕ ಮತ್ತು ಪೂರ್ವದ ವ್ಯಾಪಾರದ ಮೇಲೆ ಸುಮಾರು ಶೇ. 5ರಷ್ಟು ತೆರಿಗೆ ಹಾಕಿ ಅದರ ಖರ್ಚು ತೂಗಿಸಿದರಂತೆ. ಆ ತೆರಿಗೆಯ ಹೆಸರಲ್ಲೇ ಒಳ್ಳೆಮೆಣಸು ಸೇರಿಕೊಂಡಿದೆ. ಕಲ್ಲಿನ ಕೆಲಸ ಅಷ್ಟು ಚೆಂದ, ನಾನು ಸುಳ್ಳು ಹೇಳಲಾರೆ. ಆದರೆ ಸಮಾಧಿಯ ಮುಂದೆ ನಾನು ಕೈ ಮುಗಿಯಲಿಲ್ಲ. ಉಳ್ಳಾಲದ ಅಬ್ಬಕ್ಕನ ಕಥೆಯನ್ನು ಚಿಮಿಣಿ ದೀಪದ ಎದುರು ನೀವು ಹೇಳಿದ ಮೇಲೆ ಅದು ಸಾಧ್ಯವಿಲ್ಲ. ನಮ್ಮ ತೋಟದ ಬಳ್ಳಿಗಳ ನೆನಪು ಮಾಡಿಕೊಂಡು ಹೊರಗೆ ಬಂದೆ.

ಮಧ್ಯಾಹ್ನದ ಮೇಲೆ ಕಾರ್ಮೊ ಎಂಬಲ್ಲಿಗೆ ಹೋದೆ. ಅಪ್ಪ, ಇದನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಅದೊಂದು ಹಳೆಯ ಇಗರ್ಜಿ. ಗೋಡೆ ಇದೆ, ಕಂಬ ಇದೆ, ಕಮಾನುಗಳಿವೆ, ಮಾಡು ಇಲ್ಲ. ಕಮಾನುಗಳ ನಡುವೆ ಆಕಾಶ, ಒಳಗೆ ಹುಲ್ಲು, ಪಾರಿವಾಳ. 1755ರ ನವೆಂಬರ್ 1ರಂದು ಬೆಳಿಗ್ಗೆ ಭೂಕಂಪವಾಯಿತು. ಅವರಿಗೆ ಅಂದು ಸಕಲ ಸಂತರ ಹಬ್ಬ, ಜನರೆಲ್ಲ ಪ್ರಾರ್ಥನೆಗೆ ಸೇರಿದ್ದರು. ಕಂಪನದ ಹಿಂದೆಯೇ ನದಿಯ ಕಡೆಯಿಂದ ನೀರು ನುಗ್ಗಿತು, ಹಬ್ಬಕ್ಕೆ ಹಚ್ಚಿದ ಮೋಂಬತ್ತಿಗಳಿಂದಲೂ ಒಲೆಗಳಿಂದಲೂ ಬೆಂಕಿ ಎದ್ದು ದಿನಗಟ್ಟಲೆ ಉರಿಯಿತು. ಕೆಳಗಿನ ಪೇಟೆಯನ್ನು ಮತ್ತೆ ನೇರ ಬೀದಿಗಳಿಟ್ಟು ಕಟ್ಟಿದರು. ಗೋಡೆಯ ಒಳಗೆ ಮರದ ಚೌಕಟ್ಟು ಕೂರಿಸಿ, ಮನೆ ಅಲುಗಿದರೂ ಬೀಳದಂತೆ ಮಾಡಿದರು. ಕಾರ್ಮೊಗೆ ಮಾತ್ರ ಇಂದಿಗೂ ಮಾಡು ಇಲ್ಲ.

ಫಲಕದಲ್ಲಿ ನವೆಂಬರ್ 1 ಎಂದು ಓದಿದಾಗ ನನ್ನ ಎದೆ ಒಂದು ಸಲ ಧಸಕ್ಕೆಂದಿತು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿ ಮಲಗಿದ್ದಲ್ಲೇ ರಾಜ್ಯ ಬದಲಾದ ಮಾತನ್ನು ಅಜ್ಜ ಎಷ್ಟು ಸಲ ಹೇಳಿಲ್ಲ! ಆಚೆ ಎಲ್ಲರೂ ರಾಜ್ಯೋತ್ಸವದ ಬಾವುಟ ಏರಿಸುವ ದಿನ ನಮ್ಮ ಜಗಲಿಯಲ್ಲಿ ಅಜ್ಜ ಎಲೆ ಅಡಿಕೆಯನ್ನೂ ಮುಟ್ಟದೆ ಕೂತಿರುತ್ತಿದ್ದರು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ ಪತ್ರಿಕೆಯ ತುಂಡನ್ನು ನೀವು ಇಂದಿಗೂ ಪಂಚಾಂಗದ ನಡುವೆ ಇಟ್ಟಿದ್ದೀರಿ. ನೂರಾರು ಮಕ್ಕಳಿಗೆ ನೀವು ಕನ್ನಡ ಕಲಿಸಿದ್ದು ಆ ಮಾಡಿಲ್ಲದ ಮನೆಯಲ್ಲೇ ಅಲ್ಲವೇ ಅಪ್ಪ? ಕಾರ್ಮೊದ ಕಲ್ಲಿನ ಬೆಂಚಿನ ಮೇಲೆ ಕೂತು ನಾನು ಸ್ವಲ್ಪ ಅತ್ತೆ. ಒಬ್ಬಳೇ ಹೋದದ್ದು ಒಳ್ಳೆಯದಾಯಿತು ಎಂದು ಆಗ ಅನ್ನಿಸಿತು. ಜೊತೆಯಲ್ಲಿ ಯಾರಾದರೂ ಇದ್ದಿದ್ದರೆ ಫೋಟೊ ತೆಗೆದು ಹೊರಟುಬಿಡುತ್ತಿದ್ದೆವು.

ಆಮೇಲಿನದ್ದೆಲ್ಲ ಅವಸರ. ದಾರಿಯಲ್ಲಿ ಅಮ್ಮನಿಗೆಂದು ಒಂದು ನೀಲಿ ಹೆಂಚಿನ ಬಿಲ್ಲೆ ಕೊಂಡೆ, ಅಲ್ಲಿಯ ಮನೆಗಳ ಗೋಡೆಗೆಲ್ಲ ಅಂಥದ್ದೇ ಹಾಕಿರುತ್ತಾರೆ. ಚೀಲ ಪಡೆದು, ಅಜ್ಜಿಯ ತುವಾಲಿನಲ್ಲಿ ಬಿಲ್ಲೆಯನ್ನು ಸುತ್ತಿ, ಮೆಟ್ರೊ ಹಿಡಿದೆ. ವಿಮಾನ ನಿಲ್ದಾಣ ಊರಿನೊಳಗೇ ಇದ್ದ ಹಾಗೆ ಹತ್ತಿರ. ತಪಾಸಣೆಯಲ್ಲಿ ಚೀಲ ಬಿಡಿಸಬೇಕಾಯಿತು. ಅಲ್ಲಿದ್ದ ಹುಡುಗಿ ಬಿಲ್ಲೆಯನ್ನು ಹೊರತೆಗೆದು ನೋಡಿ, ನಾನು ಸುತ್ತಿದ್ದಕ್ಕಿಂತ ಒಪ್ಪವಾಗಿ ಅದೇ ತುವಾಲಿನಲ್ಲಿ ಸುತ್ತಿ ಕೊಟ್ಟಳು. ವಿಮಾನ ಮೇಲೆದ್ದಾಗ ಕಿಟಕಿಯಲ್ಲಿ ತೇಜೊ ನದಿಯ ಅಳಿವೆ ಸಂಜೆಬೆಳಕಿನಲ್ಲಿ ಹರಡಿಕೊಂಡಿತ್ತು. ಶಿರಿಯ ಹೊಳೆ ಕಡಲು ಸೇರುವಲ್ಲಿ ರೈಲಿನಿಂದ ಕಾಣುತ್ತದಲ್ಲ, ಅದೇ ಬಣ್ಣ, ಅಗಲ ಮಾತ್ರ ಎಷ್ಟೋ ಪಾಲು ಹೆಚ್ಚು. ಮೂರು ಗಂಟೆಯ ಹಾರಾಟ. ಇಲ್ಲಿ ಇಳಿದಾಗ ಚಳಿ, ಮಳೆ. ಕೋಣೆಯ ಬಾಗಿಲ ಮುಂದೆ ನಿಂತು ಚಾವಿ ಹುಡುಕುವಾಗ ಯಾರೂ ಇಲ್ಲದಿದ್ದರೂ "ಚಾವಿ" ಎಂದು ಗಟ್ಟಿಯಾಗಿಯೇ ಹೇಳಿದೆ.

ಡಿಸೆಂಬರ್ 20ಕ್ಕೆ ಮಂಗಳೂರಿಗೆ ಬರುತ್ತೇನೆ. ಅಪ್ಪ ವಿಮಾನ ನಿಲ್ದಾಣದವರೆಗೆ ಬರುವುದು ಬೇಡ, ಮಂಡಿನೋವಿಗೆ ಅಷ್ಟು ಹೊತ್ತು ಕೂರುವುದು ಒಳ್ಳೆಯದಲ್ಲ. ರೈಲಿನಲ್ಲಿ ಕುಂಬಳೆಗೆ ಬಂದು ಬದಿಯಡ್ಕದ ಬಸ್ ಹಿಡಿಯುತ್ತೇನೆ. ಒಳ್ಳೆಮೆಣಸು ಕೊಯ್ಯುವುದಿದ್ದರೆ ನಾನು ಬರುವವರೆಗೆ ಒಂದು ಬಳ್ಳಿಯನ್ನಾದರೂ ಬಿಡಿ.

ಅಮ್ಮ, ಬಚ್ಚಲಿನ ಹಿತ್ತಾಳೆ ಬಾಲ್ದಿ ತೂತಾಗಿದೆ, ಗುಜರಿಯವನಿಗೆ ಕೊಡುತ್ತೇನೆ ಎಂದಿದ್ದೆಯಲ್ಲ. ಕೊಡಬೇಡ. ನಾನು ಬಂದ ಮೇಲೆ ಅದಕ್ಕೆ ಬೆಸುಗೆ ಹಾಕಿಸೋಣ.

ನಿಮ್ಮ ಪ್ರೀತಿಯ
ಕಿರಿಮಗಳು