ಮೆಡಿಕಲ್ ಬೋರ್ಡಿನ ಒಂದು ಪುಟ, ಆರು ತಿಂಗಳ ಗಡುವು: ಶಿವಮೊಗ್ಗದ ಸಂಸದರಿಗೆ ಬಹಿರಂಗ ಪತ್ರ

ಶಿವಮೊಗ್ಗ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ.

ಸೇನೆಯಿಂದ ಗಾಯವನ್ನೋ ಕಾಯಿಲೆಯನ್ನೋ ಹೊತ್ತು ಊರಿಗೆ ಮರಳಿದವರ ಅಂಗವೈಕಲ್ಯ ಪಿಂಚಣಿಯ ಬಗ್ಗೆ ಈ ಪತ್ರ. ಶಾಲು, ಹಾರ, ಸನ್ಮಾನದ ವಿಷಯ ಇದರಲ್ಲಿಲ್ಲ. ಅದಕ್ಕೆ ಜಿಲ್ಲೆಯಲ್ಲಿ ಕೊರತೆಯೂ ಇಲ್ಲ. ನಾವು ನೋಡಿದ ಕಡತಗಳಲ್ಲಿ ಪಿಂಚಣಿ ಕೈತಪ್ಪಿದ್ದು ಹೆಚ್ಚಾಗಿ ಹಕ್ಕಿಲ್ಲ ಎಂಬ ಕಾರಣಕ್ಕಲ್ಲ. ಬಿಡುಗಡೆಯ ಹೊತ್ತಿಗೆ ಕೈಗೆ ಬಂದ ಮೆಡಿಕಲ್ ಬೋರ್ಡ್ (ಸೇನಾ ವೈದ್ಯರ ಮಂಡಳಿ) ಕಾಗದವನ್ನು ಗಡುವಿನೊಳಗೆ ಓದಿ, ಹೀಗೆ ಮೇಲ್ಮನವಿ ಹಾಕಿ ಎಂದು ಹೇಳುವವರು ತೀರ್ಥಹಳ್ಳಿಯಲ್ಲಾಗಲಿ ಹೊಸನಗರದಲ್ಲಾಗಲಿ ಬೈಂದೂರಿನಲ್ಲಾಗಲಿ ಸಿಗಲಿಲ್ಲ, ಅಷ್ಟೇ.

ಆ ಕಾಗದದ ಹೆಸರು ಎಎಫ್‌ಎಂಎಸ್‌ಎಫ್-16. ಸೇವೆ ಮುಗಿಸಿ ಬರುವವರಿಗೆ ರಿಲೀಸ್ ಮೆಡಿಕಲ್ ಬೋರ್ಡ್, ಅನಾರೋಗ್ಯದಿಂದ ಮಧ್ಯದಲ್ಲೇ ಕಳಿಸಲ್ಪಟ್ಟವರಿಗೆ ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್ ಇದನ್ನು ತುಂಬುತ್ತದೆ. ಹಲವು ಪುಟಗಳಿದ್ದರೂ ನೋಡಬೇಕಾದ ಜಾಗ ಮೂರೇ: ಕಾಯಿಲೆ ಎಲ್ಲಿ, ಯಾವಾಗ ಶುರುವಾಯಿತು ಎಂಬ ಸಾಲು, ಅದು ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ ಎಂಬ ಕಾಲಂ, ಶೇಕಡಾವಾರು ಮತ್ತು ಎಷ್ಟು ಕಾಲಕ್ಕೆ ಎಂಬ ಕಾಲಂ. ನಡುವಿನ ಕಾಲಂನಲ್ಲಿ ಎರಡಕ್ಕೂ ‘ಇಲ್ಲ’ ಎಂದು ಬರೆದು, ಪಕ್ಕದಲ್ಲಿ ‘ಶಾಂತಿ ಪ್ರದೇಶದಲ್ಲಿದ್ದಾಗ ಶುರುವಾಗಿದೆ’ ಎಂದೋ ‘ದೇಹಪ್ರಕೃತಿಯಿಂದ ಬಂದ ಕಾಯಿಲೆ’ ಎಂದೋ ಒಂದು ಸಾಲು ಗೀಚಿದ್ದರೆ ಪಿಂಚಣಿಯ ಆ ಭಾಗ ಅಲ್ಲಿಗೆ ನಿಂತಿತು.

ಈ ಒಂದು ಸಾಲು ಸಾಲದು ಎಂದು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲೇ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಭರ್ತಿಯಾಗುವಾಗ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು. ಆಮೇಲೆ ಆರೋಗ್ಯ ಕೆಟ್ಟರೆ ಅದಕ್ಕೆ ಸೇವೆ ಕಾರಣವಲ್ಲ ಎಂದು ಸಾಬೀತು ಮಾಡುವ ಹೊಣೆ ಇಲಾಖೆಯದು. ಬೋರ್ಡ್ ಕಾರಣ ಕೊಡಲೇಬೇಕು. ತೀರ್ಪು ಬಂದು ಹತ್ತು ವರ್ಷ ದಾಟಿದ ಮೇಲೂ ಅದೇ ಒಂದು ಸಾಲು ಬರುತ್ತಲೇ ಇದೆ.

ಎಡವಟ್ಟು ಎಲ್ಲಿ ಆಗುತ್ತದೆ ನೋಡಿ. ಸೈನಿಕ ಎರಡು ಎರಡೂವರೆ ವರ್ಷ ಎತ್ತರದ ಗಡಿಯಲ್ಲೋ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲೋ ಇರುತ್ತಾನೆ. ಅಲ್ಲಿಂದ ಶಾಂತಿ ಪ್ರದೇಶಕ್ಕೆ ವರ್ಗವಾದ ಮೇಲೆ ವಾರ್ಷಿಕ ತಪಾಸಣೆಯಲ್ಲಿ ರಕ್ತದೊತ್ತಡ ಸಿಗುತ್ತದೆ. ಪತ್ತೆಯಾದ ಜಾಗವೇ ‘ಶುರುವಾದ ಜಾಗ’ ಎಂದು ದಾಖಲಾಗುತ್ತದೆ. ಆದ್ದರಿಂದ ಮೇಲ್ಮನವಿಯ ಜೊತೆ ಹಿಂದಿನ ವರ್ಗಾವಣೆಗಳ ಪೂರ್ತಿ ಪಟ್ಟಿ ಹೋಗಲೇಬೇಕು. ಅದನ್ನು ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯಿಂದ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ತರಿಸಿಕೊಳ್ಳಬಹುದು. ಉತ್ತರಕ್ಕೆ 30 ದಿನ. ಗಾಯದ ಪ್ರಕರಣಕ್ಕೆ ಬೇಕಾದದ್ದು ಬೇರೆ: ಐಎಎಫ್‌ವೈ-2006 ಎಂಬ ಗಾಯದ ವರದಿ, ನಡೆದಿದ್ದರೆ ಕೋರ್ಟ್ ಆಫ್ ಎನ್‌ಕ್ವೈರಿಯ (ಸೇನೆಯ ಒಳಗಿನ ವಿಚಾರಣೆಯ) ಪ್ರತಿ. ರಜೆಯಲ್ಲಿ ಊರಿಗೆ ಬಂದಾಗ ಬೈಕಿನಿಂದ ಬಿದ್ದ ಗಾಯಕ್ಕೂ ಸೇವೆಗೂ ನಂಟು ತೋರಿಸುವುದು ಕಷ್ಟ. ಅಂಥವರಿಗೆ ಸುಳ್ಳು ಆಸೆ ಹುಟ್ಟಿಸುವ ಮಧ್ಯವರ್ತಿಗಳೂ ಇದ್ದಾರೆ ಎಂಬುದು ತಮಗೂ ಗೊತ್ತಿರಲಿ.

ಇನ್ನು ಹಣದ ಲೆಕ್ಕ. ನೂರಕ್ಕೆ ನೂರು ವೈಕಲ್ಯವಿದ್ದರೆ ವೈಕಲ್ಯದ ಅಂಶ ಕೊನೆಯ ವೇತನದ ಶೇ 30. ವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ 12,000. ಶೇ 20 ವೈಕಲ್ಯಕ್ಕೆ ನೇರ ಲೆಕ್ಕದಲ್ಲಿ 2,400 ಆಗಬೇಕು. ಆದರೆ ಶೇ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, 76ರಿಂದ ಮೇಲಿನದನ್ನು 100 ಎಂದೂ ಎಣಿಸುವ ಪದ್ಧತಿಯಿದೆ. ಹಾಗಾಗಿ ಅದೇ ಶೇ 20ಕ್ಕೆ 6,000 ಬರುತ್ತದೆ, ಮೇಲೆ ತುಟ್ಟಿಭತ್ಯೆ. ಮೊದಲು ಈ ಸೌಲಭ್ಯ ಅನಾರೋಗ್ಯದಿಂದ ಹೊರಬಂದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂದು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇವತ್ತಿಗೂ ಹಳೆಯ ಪಿಂಚಣಿದಾರರು ತಮ್ಮ ಪಿಪಿಒ (ಪಿಂಚಣಿ ಪಾವತಿ ಆದೇಶ) ತೆಗೆದು, ಬರುತ್ತಿರುವ ಹಣ ಯಾವ ಶೇಕಡಾಕ್ಕೆ ಹೊಂದುತ್ತದೆ ಎಂದು ಒಮ್ಮೆ ತಾಳೆ ನೋಡುವುದು ಒಳ್ಳೆಯದು.

ಈ ಲೆಕ್ಕದಲ್ಲಿ 19ಕ್ಕೂ 20ಕ್ಕೂ ಇರುವ ಅಂತರ ಶೇ 1 ಅಲ್ಲ. ಅವಧಿ ಮುಗಿಸಿ ಬಂದವನಿಗೆ ಕನಿಷ್ಠ ಶೇ 20 ಇರಲೇಬೇಕು; ಬೋರ್ಡ್ ಶೇ 15–19 ಬರೆದರೆ ಸೊನ್ನೆ, 20 ಬರೆದರೆ ವೇತನದ ಶೇ 15. ಕಾಯಿಲೆಯ ಕಾರಣ ಕೊಟ್ಟು ಸೇನೆಯೇ ಹೊರಗೆ ಕಳಿಸಿದ್ದರೆ ಶೇ 20ಕ್ಕಿಂತ ಕಡಿಮೆ ಎಂದು ಬರೆದದ್ದನ್ನೂ 20 ಎಂದೇ ಪರಿಗಣಿಸಬೇಕೆಂದು 2014ರ ಸುಖವಿಂದರ್ ಸಿಂಗ್ ತೀರ್ಪು ಹೇಳುತ್ತದೆ. ಯುದ್ಧ ಅಥವಾ ಕಾರ್ಯಾಚರಣೆಯ ಗಾಯಕ್ಕೆ ದರವೇ ಬೇರೆ: ಅವಧಿ ಮುಗಿಸಿ ಬಂದವರಿಗೆ ಶೇ 30ರ ಜಾಗದಲ್ಲಿ ಶೇ 60. ನೆಲಬಾಂಬಿನ ಗಾಯವನ್ನು ಯಾವನೋ ಗುಮಾಸ್ತ ಬ್ಯಾಟಲ್ ಕ್ಯಾಶುವಾಲ್ಟಿ (ಯುದ್ಧದ ಗಾಯ) ಎನ್ನುವ ಬದಲು ಸಾಮಾನ್ಯ ಅಪಘಾತ ಎಂದು ಬರೆದರೆ ಜೀವನಪರ್ಯಂತ ಅರ್ಧ ಹಣ ಹೋಯಿತು.

ತಿರಸ್ಕಾರದ ಪತ್ರ ಕೈಸೇರಿದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದ ಪ್ರಕರಣಗಳು ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿವೆ. ಸಾಗರದ ಒಳಹಳ್ಳಿಯ ಮನುಷ್ಯನಿಗೆ ಕೊಚ್ಚಿ ಎಷ್ಟು ದೂರ ಎಂದು ಬಿಡಿಸಿ ಹೇಳಬೇಕಿಲ್ಲ. ತಡವಾಗಿ ಹೋದರೆ ಹಕ್ಕು ಸಾಯುವುದಿಲ್ಲ, ಬಾಕಿ ಸಾಯುತ್ತದೆ: 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ ಬಾಕಿ ಮಾತ್ರ ಸಾಮಾನ್ಯವಾಗಿ ಸಿಗುತ್ತದೆ. ಹದಿನೈದು ವರ್ಷ ಸುಮ್ಮನಿದ್ದವನು ಹನ್ನೆರಡು ವರ್ಷದ ಹಣ ಬಿಟ್ಟುಕೊಟ್ಟಂತೆ.

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ. ಅದಕ್ಕೂ ಮೊದಲು ಬಿಡುಗಡೆಯಾದವರ ಮೇಲ್ಮನವಿಗೆ ಹಳೆಯ ನಿಯಮವೇ ಆಧಾರ ಎಂಬುದನ್ನು ಅರ್ಜಿಯ ಮೊದಲ ಪ್ಯಾರಾದಲ್ಲೇ ಬರೆಯಬೇಕು. ಇಲ್ಲದಿದ್ದರೆ ಹೊಸದನ್ನು ಉಲ್ಲೇಖಿಸಿದ ಸಿದ್ಧ ಉತ್ತರ ಬಂದೀತು.

ಕಾಲು ಕಳೆದುಕೊಂಡವರ ಪಾಡು ಮಲೆನಾಡಿನಲ್ಲಿ ಬೇರೆಯೇ. ಕೃತಕ ಕಾಲಿಗೆ ಸೇನೆಯವರು ನೋಡುವುದು ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರ್ ಕಡೆಗೆ. ಅಲ್ಲಿ ಒಳ್ಳೆಯ ಕೆಲಸವೇ ಆಗುತ್ತದೆ. ಆದರೆ ಉಳಿದ ಕಾಲಿನ ತುದಿ ತಿಂಗಳುಗಳಲ್ಲಿ ಸೊರಗುತ್ತದೆ, ಸಾಕೆಟ್ ಸಡಿಲವಾಗುತ್ತದೆ, ಒಳಗೆ ಇನ್ನೊಂದು ಕಾಲುಚೀಲ ತುರುಕಿ ನಡೆಯುತ್ತಾರೆ, ಚರ್ಮ ಉಜ್ಜಿ ಹುಣ್ಣಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಟ್ಟಿಗೆ ಬೂಸಲು, ಫೋಮ್ ಪಾದಕ್ಕೆ ನೀರು. ಅಡಿಕೆ ತೋಟದ ಜಾರುವ ದರೆಯಲ್ಲಿ ಸಡಿಲ ಸಾಕೆಟ್ ಹಾಕಿಕೊಂಡು ಇಳಿಯುವುದೆಂದರೆ ಇರುವ ಇನ್ನೊಂದು ಕಾಲನ್ನೂ ಪಣಕ್ಕಿಟ್ಟಂತೆ. ಸಾಕೆಟ್ ಹೊಂದಿಸುವ ಸಣ್ಣ ಕೆಲಸಕ್ಕೂ ಪುಣೆಯೇ ಆಗಬೇಕೇ? ಮಳೆ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ, ಅಡಿಕೆ ಕೊಯ್ಲು ಬಿರುಸಾಗುವ ಮುಂಚೆ ವರ್ಷಕ್ಕೊಮ್ಮೆ ಆ ಕೇಂದ್ರದ ತಂಡವನ್ನು ಶಿವಮೊಗ್ಗಕ್ಕೆ ಕರೆಸಲು ರಕ್ಷಣಾ ಸಚಿವಾಲಯಕ್ಕೆ ತಾವು ಪತ್ರ ಬರೆಯಬಹುದು.

ಸೇನೆಯ ಬೋರ್ಡ್ ಕೊಟ್ಟ ಶೇಕಡಾವಾರು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ನಡೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದಕ್ಕೆ ಬೇರೆ ತಪಾಸಣೆ, ಬೇರೆ ಅಳತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಹೆಚ್ಚಿನ ಸೌಲಭ್ಯಕ್ಕೆ ಕನಿಷ್ಠ ಶೇ 40 ಬೇಕು. ತಮ್ಮ ಅಧ್ಯಕ್ಷತೆಯ ದಿಶಾ (ಜಿಲ್ಲೆಯ ಅಭಿವೃದ್ಧಿ ಯೋಜನೆಗಳ ಪರಿಶೀಲನಾ ಸಮಿತಿ) ಸಭೆಯಲ್ಲಿ, ಮೆಗ್ಗಾನ್ ಆಸ್ಪತ್ರೆಯಲ್ಲಿ ಮಾಜಿ ಸೈನಿಕರಿಗೆ ತಿಂಗಳಲ್ಲಿ ಒಂದು ದಿನ ಗೊತ್ತುಮಾಡುವ ಮಾತು ಎತ್ತಿದರೆ ಸಾಕು.

ಸೇನಾ ಪಿಂಚಣಿ ಪಾವತಿಯ ಸ್ಪರ್ಶ್ ಪೋರ್ಟಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೇವಾ ದಾಖಲೆಯಲ್ಲಿ ಇನಿಷಿಯಲ್ ಇಲ್ಲದ ಹೆಸರು, ಆಧಾರ್‌ನಲ್ಲಿ ಇನಿಷಿಯಲ್ ಇರುವ ಹೆಸರು; ಅಡಿಕೆ ಚೊಗರು ಹಿಡಿದ ಬೆರಳನ್ನು ಓದದ ಯಂತ್ರ; ಮುಖ ತೋರಿಸಿ ಜೀವಂತ ಪ್ರಮಾಣಪತ್ರ ಕೊಡುವ ಆ್ಯಪ್ 2021ರಿಂದ ಇದ್ದರೂ ಅದಕ್ಕೆ ಬೇಕಾದ ನೆಟ್‌ವರ್ಕ್ ಇಲ್ಲದ ಊರುಗಳು. ಟವರ್ ಕಥೆ ತಮಗೆ ನಮಗಿಂತ ಚೆನ್ನಾಗಿ ಗೊತ್ತು.

ತುರ್ತಾದದ್ದು ಅಗ್ನಿವೀರರದು, ಅಂದರೆ ನಾಲ್ಕೇ ವರ್ಷದ ಅವಧಿಗೆ ಸೇನೆ ಸೇರಿದವರದು. 2023ರ ಜನವರಿಯಲ್ಲಿ ಭೂಸೇನೆಯ ತರಬೇತಿಗೆ ಸೇರಿದ ಮೊದಲ ತಂಡಕ್ಕೆ 2026ರ ಕೊನೆಗೆ ನಾಲ್ಕು ವರ್ಷ ತುಂಬುತ್ತದೆ. ಅವರಿಗೆ ತಿಂಗಳ ಪಿಂಚಣಿ ಇಲ್ಲ. ಸೇವೆಯಿಂದ ಬಂದ ವೈಕಲ್ಯಕ್ಕೆ ಶೇ 100, 75, 50ರ ಮೂರು ಹಂತದಲ್ಲಿ 44 ಲಕ್ಷ, 25 ಲಕ್ಷ, 15 ಲಕ್ಷ ರೂಪಾಯಿ ಒಂದೇ ಬಾರಿಯ ಇಡಿಗಂಟು. ಇಲ್ಲೂ ಎಲ್ಲವೂ ನಿಂತಿರುವುದು ಅದೇ ನಡುವಿನ ಕಾಲಂ ಮೇಲೆ. ಮೊಣಕಾಲಿನ ಲಿಗಮೆಂಟ್ ಹರಿದವನು, ಫಿರಂಗಿ ಸದ್ದಿಗೆ ಕಿವಿ ಮಂದವಾದವನು ಘಟಕದಲ್ಲಿ ಇರುವಾಗಲೇ ಗಾಯದ ವರದಿ ಬರೆಸಿ, ಶ್ರವಣ ಪರೀಕ್ಷೆ ಮಾಡಿಸಿ, ಪ್ರತಿ ಇಟ್ಟುಕೊಳ್ಳಬೇಕು. ಊರಿಗೆ ಬಂದ ಮೇಲೆ ನೆನಪಾದರೆ ಕಾಗದ ಹುಟ್ಟಿಸಲಾಗದು.

ತಮ್ಮಿಂದ ಮುಖ್ಯವಾಗಿ ಎರಡು ಕೆಲಸ ಆಗಬೇಕು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ವೀರ್ ಪರಿವಾರ್ ಸಹಾಯತಾ ಯೋಜನೆ ಆರಂಭಿಸಿದೆ. ಸೈನಿಕ ಕಲ್ಯಾಣ ಕಚೇರಿಗಳಲ್ಲೇ ಕಾನೂನು ನೆರವು ಕೇಂದ್ರ ನಡೆಸುವುದು ಅದರ ಉದ್ದೇಶ. ಶಿವಮೊಗ್ಗದಲ್ಲಿ ಈ ಕೇಂದ್ರದ ವಕೀಲರು ತಿಂಗಳಿಗೊಮ್ಮೆ ಸಾಗರ ಮತ್ತು ತೀರ್ಥಹಳ್ಳಿಯ ತಾಲ್ಲೂಕು ಕಚೇರಿಗೆ ಹೋಗಿ ಕೂರಬೇಕು, ಬಂದವರ ಮೆಡಿಕಲ್ ಬೋರ್ಡ್ ಕಾಗದ ಓದಬೇಕು, ಗಡುವಿನ ದಿನಾಂಕವನ್ನು ಅದರ ಮೇಲೇ ಬರೆದುಕೊಡಬೇಕು. ಬಾವುಟ, ಬ್ಯಾನರ್, ಉದ್ಘಾಟನೆ ಯಾವುದೂ ಬೇಡ. ಒಂದು ಮೇಜು, ಒಂದು ಜೆರಾಕ್ಸ್ ಯಂತ್ರ ಇದ್ದರೆ ಆಯಿತು.

ಎರಡನೆಯದು ಲೋಕಸಭೆಯಲ್ಲಿ ಒಂದು ಚುಕ್ಕೆರಹಿತ (ಲಿಖಿತ ಉತ್ತರದ) ಪ್ರಶ್ನೆ. ಕಳೆದ ಐದು ವರ್ಷದಲ್ಲಿ ಕರ್ನಾಟಕದವರ ಎಷ್ಟು ವೈಕಲ್ಯ ಪ್ರಕರಣ ತಿರಸ್ಕೃತವಾದವು, ಮೊದಲ ಮೇಲ್ಮನವಿಗಳಲ್ಲಿ ಆರು ತಿಂಗಳು ಮೀರಿ ಬಾಕಿ ಇರುವುದೆಷ್ಟು, ಕಾರಣ ಬರೆಯದ ಬೋರ್ಡ್ ವರದಿಗಳನ್ನು ಹಿಂದಕ್ಕೆ ಕಳಿಸುವ ವ್ಯವಸ್ಥೆ ಇದೆಯೇ. ನೋಟಿಸಿಗೆ ಪೂರ್ತಿ 15 ದಿನ ಬೇಕು. ಪ್ರಶ್ನೆಯ ಕರಡು ನಮ್ಮಲ್ಲಿ ಸಿದ್ಧವಿದೆ, ತಮ್ಮ ಕಚೇರಿ ಹೇಳಿದ ದಿನ ತಲುಪಿಸುತ್ತೇವೆ.

ಇಂತಿ,
ಮಾಜಿ ಸೈನಿಕರ ಪಿಂಚಣಿ ಕಾಗದಪತ್ರ ನೋಡಿಕೊಡುವವರು
ಶಿವಮೊಗ್ಗ