48ನೆಯ ಹೆಸರು: ಗೆಳೆಯನಿಗೊಂದು ಪತ್ರ

ರಾಯಚೂರು

ಪ್ರಿಯ ಗೆಳೆಯಾ,

ಹೋದ ತಿಂಗಳು ನೀನು ಫೋನು ಮಾಡಿ, ನಿನ್ನ ಸೋದರಮಾವನವರಿಗೆ ನಮ್ಮ ಡಯಾಲಿಸಿಸ್ ಘಟಕದಲ್ಲಿ (ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧಿ ಮಾಡುವ ಕಡೆ) ಒಂದು ಜಾಗ ಮಾಡಿಕೊಡು ಎಂದು ಕೇಳಿದಾಗ, ಪಟ್ಟಿಯಲ್ಲಿ ಹೆಸರು ಬರೆದುಕೊಂಡಿದ್ದೇನೆ ಎಂದಷ್ಟೇ ಹೇಳಿ ಮಾತು ಮುಗಿಸಿದೆ. ಸಿಂಧನೂರಿನಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರ ನಡುವೆ ಅಷ್ಟು ಚುಟುಕಾದ ಉತ್ತರ ತಕ್ಕುದಲ್ಲ. ಆದ್ದರಿಂದ ಆ ಪಟ್ಟಿ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ. ನಿನ್ನಂತೆಯೇ ಕೇಳುವವರು ಬಹಳ ಮಂದಿ ಇರುವುದರಿಂದ, ಮಾವನವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಎಲ್ಲರೂ ಓದುವಂತೆ ಹಾಕಿದ್ದೇನೆ.

ಮೊದಲು ಲೆಕ್ಕ. ನಮ್ಮಲ್ಲಿರುವುದು 6 ಯಂತ್ರಗಳು. ಅವುಗಳಲ್ಲಿ ಒಂದನ್ನು, ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ಸೋಂಕಿರುವವರಿಗೆಂದೇ ಬೇರೆ ಇಡಬೇಕಾಗುತ್ತದೆ. ಅದು ಖಾಲಿ ನಿಂತಿದ್ದರೂ ಬೇರೆಯವರಿಗೆ ಬಳಸುವಂತಿಲ್ಲ. (“ಅಲ್ಲೊಂದು ಮಷಿನ್ ಖಾಲಿ ಅದಲ್ರೀ ಸರ” ಎಂದು ಹೊರಗಿನ ಬೆಂಚಿನಿಂದ ದಿನಕ್ಕೊಬ್ಬರಾದರೂ ಕೇಳುತ್ತಾರೆ.) ಉಳಿದ 5 ಯಂತ್ರಗಳು ದಿನಕ್ಕೆ 3 ಪಾಳಿಯಂತೆ ವಾರಕ್ಕೆ 6 ದಿನ ನಡೆದರೆ ಒಟ್ಟು 90 ಸಲ ಡಯಾಲಿಸಿಸ್ ಕೊಡಬಹುದು. ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ ಎಂಬ ಸರಿಯಾದ ಕ್ರಮವನ್ನು ಪಾಲಿಸಿದರೆ ಅದು 30 ಮಂದಿಗೆ ಸಾಕು. ವಾರಕ್ಕೆ 2 ಸಲಕ್ಕೆ ಇಳಿಸಿದರೆ 45 ಮಂದಿಗೆ ಸಿಗುತ್ತದೆ. ನಾವು 45 ಮಂದಿಯನ್ನು ಇಟ್ಟುಕೊಂಡಿದ್ದೇವೆ, ಏಕೆಂದರೆ 15 ಮಂದಿಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಇದನ್ನು ದಯೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೂರನೆಯ ಸಲ ಸಿಗದವರು ಮೈಯಲ್ಲಿ ನೀರು ತುಂಬಿಕೊಂಡು, ಉಸಿರಾಡಲಾರದೆ ಭಾನುವಾರ ರಾತ್ರಿ ಬರುವಾಗ ಬಾಗಿಲಲ್ಲಿ ನಿಂತಿರುವವನು ನಾನೇ ಅಲ್ಲವೇ.

ಮೊದಲು ಬಂದವರಿಗೆ ಮೊದಲು ಕೊಟ್ಟರಾಯಿತು, ಅದರಲ್ಲಿ ಯಾರಿಗೂ ಅನ್ಯಾಯವಿಲ್ಲ ಎಂದು ನೀನು ಅಂದೆ. ನಾನೂ ಕೆಲವು ವರ್ಷ ಹಾಗೆಯೇ ನಂಬಿದ್ದೆ. ಆದರೆ ಪಟ್ಟಿಯನ್ನು ಒಮ್ಮೆ ಊರುವಾರು ಜೋಡಿಸಿ ನೋಡಿದಾಗ, ಮೇಲಿನ ಹೆಸರುಗಳೆಲ್ಲ ರಾಯಚೂರು ಪಟ್ಟಣದವು, ದೇವದುರ್ಗ, ಲಿಂಗಸುಗೂರು ಕಡೆಯ ಹಳ್ಳಿಗಳ ಹೆಸರುಗಳೆಲ್ಲ ಕೆಳಗಿನವು ಎಂಬುದು ಕಣ್ಣಿಗೆ ಬಿತ್ತು. ರೋಗ ಗೊತ್ತಾಗುವುದೇ ತಡ, ಗೊತ್ತಾದ ಮೇಲೆ ಬಸ್ಸಿನ ಖರ್ಚು ಹೊಂದಿಸಿ, ಕೂಲಿ ಬಿಟ್ಟು ಜೊತೆಗೆ ಬರುವವರನ್ನು ಹುಡುಕಿಕೊಂಡು ಬರುವುದು ಇನ್ನೂ ತಡ. ಬಡವರಿಗೆ ಉಚಿತವಾಗಿ ಡಯಾಲಿಸಿಸ್ ನೀಡುವ ರಾಷ್ಟ್ರೀಯ ಯೋಜನೆ 2016ರಲ್ಲಿ ಬಂತು. ಆದರೆ ಹಣದ ತಡೆ ಇಳಿದಲ್ಲಿ ದೂರದ ತಡೆ ಉಳಿದುಕೊಂಡಿತು.

ಹಾಗಾದರೆ ಯಾರು ಯೋಗ್ಯರೆಂದು ಕುಳಿತು ಆರಿಸಬೇಕೇ? ಅದನ್ನೂ ಒಂದು ಊರು ಮಾಡಿ ನೋಡಿದೆ. ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು 1960ರಲ್ಲಿ ರೂಪಿಸಿದ, ಕೈಯ ರಕ್ತನಾಳಗಳಲ್ಲಿ ಹಾಗೆಯೇ ಉಳಿಸಬಹುದಾದ ಕೊಳವೆಯಿಂದ ಒಬ್ಬರಿಗೇ ಮತ್ತೆ ಮತ್ತೆ ಡಯಾಲಿಸಿಸ್ ಮಾಡುವುದು ಸಾಧ್ಯವಾಯಿತು. ಯಂತ್ರಗಳು ಸಾಲದೆ ಹೋದಾಗ, ವೈದ್ಯರು ತಕ್ಕವರೆಂದು ಒಪ್ಪಿದ ರೋಗಿಗಳಲ್ಲಿ ಯಾರಿಗೆ ಕೊಡಬೇಕೆಂಬುದನ್ನು 7 ಮಂದಿಯ ಸಮಿತಿಗೆ ಬಿಟ್ಟರು. ಆ ಸಮಿತಿ ಉದ್ಯೋಗ, ಆದಾಯ, ಮದುವೆ, ಮಕ್ಕಳು, ಚರ್ಚಿಗೆ ಹೋಗುವ ರೂಢಿ ಇವನ್ನೆಲ್ಲ ತೂಗಿತು. 1962ರಲ್ಲಿ ಪತ್ರಿಕೆಯೊಂದು ಅದನ್ನು ಬಯಲಿಗೆ ತಂದಾಗ, ತಮ್ಮಂತೆಯೇ ಬದುಕುವವರನ್ನು ಅವರು ಆರಿಸುತ್ತಿದ್ದಾರೆಂಬ ಟೀಕೆ ಎದ್ದಿತು. 1972ರ ಕಾನೂನಿನಿಂದ ಅಲ್ಲಿನ ಸರ್ಕಾರವೇ ಖರ್ಚು ವಹಿಸಿಕೊಂಡ ಮೇಲೆ ಅಂಥ ಸಮಿತಿಯ ಅಗತ್ಯವೇ ಉಳಿಯಲಿಲ್ಲ. ನಮ್ಮಲ್ಲಿ ಸಮಿತಿಯಿಲ್ಲ, ನಿಜ. ಅದರ ಕೆಲಸವನ್ನು ಶಿಫಾರಸಿನ ಫೋನು ಮಾಡುತ್ತದೆ.

ಈ ಮಾತನ್ನು ನಿನ್ನನ್ನು ಚುಚ್ಚಲು ಬರೆದದ್ದಲ್ಲ. ನಾನೂ ಫೋನಿಗೆ ಮಣಿದವನು. ಎರಡು ವರ್ಷಗಳ ಹಿಂದೆ ಅಧಿಕಾರಿಯೊಬ್ಬರ ಕಡೆಯವರಿಗೆ ಹೊತ್ತು ಹೊಂದಿಸಲು, ಅದೇ ಯಂತ್ರದಲ್ಲಿದ್ದ ವಯಸ್ಸಾದ ಹೆಣ್ಣುಮಗಳೊಬ್ಬರ 4 ಗಂಟೆಯನ್ನು 3ಕ್ಕೆ ಇಳಿಸಿದೆ. ಮೂರನೆಯ ದಿನ ಆಕೆ ಏದುಸಿರು ಬಿಡುತ್ತಾ ಬಂದು ದಾಖಲಾದರು. ಹಿಂದಿನ ಸಲ ಯಾಕೆ ಬೇಗ ಬಿಡಿಸಿದಿರಿ ಎಂದು ಆಕೆ ಕೇಳಲಿಲ್ಲ. ಕೇಳಬಹುದೆಂಬುದೇ ಆಕೆಗೆ ಗೊತ್ತಿರಲಿಲ್ಲ.

ಅದಾದ ಮೇಲೆ ಕ್ರಮವನ್ನು ಕಾಗದದಲ್ಲಿ ಬರೆದು ಘಟಕದ ಗೋಡೆಗೆ ಅಂಟಿಸಿದ್ದೇನೆ. ತಡಮಾಡಿದರೆ ಜೀವ ಹೋಗುವವರು ಮೊದಲು: ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವ ಅಪಾಯದಲ್ಲಿರುವವರು, ಶ್ವಾಸಕೋಶದಲ್ಲಿ ನೀರು ತುಂಬಿದವರು. ಆಮೇಲೆ, ಸ್ವಲ್ಪ ಕಾಲ ಯಂತ್ರದ ಆಸರೆ ಸಿಕ್ಕರೆ ಪೂರ್ತಿ ಚೇತರಿಸಿಕೊಳ್ಳಬಲ್ಲವರು. ಇಬ್ಬರು ಸಮಾನರೆನಿಸಿದಾಗ ದೂರದ ಊರಿನವರು ಮುಂದೆ. ಈಗಾಗಲೇ ಡಯಾಲಿಸಿಸ್ ನಡೆಯುತ್ತಿರುವವರನ್ನು ಇನ್ನೊಬ್ಬರಿಗಾಗಿ ತೆಗೆಯುವುದಿಲ್ಲ. ಕೊಡದಿರುವುದಕ್ಕೂ ಕೊಟ್ಟು ಕಿತ್ತುಕೊಳ್ಳುವುದಕ್ಕೂ ತತ್ತ್ವದಲ್ಲಿ ಭೇದವಿಲ್ಲವೆಂದು ವಾದಿಸುವವರಿದ್ದಾರೆ. ಅವರು ಹಾಸಿಗೆಯ ಪಕ್ಕದಲ್ಲಿ ನಿಂತು ಆ ಮಾತು ಹೇಳಲಿ.

ನೀನು ಫೋನು ಮಾಡಿದ ವಾರ ಒಂದು ಜಾಗ ಖಾಲಿಯಾಗಿತ್ತು. (ಹೇಗೆ ಖಾಲಿಯಾಗುತ್ತದೆಂದು ನಿನಗೆ ಹೇಳಬೇಕಿಲ್ಲ.) ಅದನ್ನು ಕೊಟ್ಟದ್ದು ಮಾನ್ವಿ ಕಡೆ ಭತ್ತ ಕೊಯ್ಯುವಾಗ ಕೊಳಕುಮಂಡಲ ಕಚ್ಚಿದ ಹುಡುಗನಿಗೆ. ಆ ಹಾವಿನ ವಿಷಕ್ಕೆ ಮೂತ್ರಪಿಂಡಗಳು ನಿಂತುಹೋಗುವುದುಂಟು. ಪ್ರತಿವಿಷ ಕೊಟ್ಟು, ಕೆಲವು ವಾರ ಡಯಾಲಿಸಿಸ್ ನಡೆಸಿದರೆ ಬಹಳಷ್ಟು ಮಂದಿಯಲ್ಲಿ ಅವು ಮತ್ತೆ ಕೆಲಸ ಆರಂಭಿಸುತ್ತವೆ. ಅವನು ನಿನ್ನ ಮಾವನವರಿಗಿಂತ ನಾಲ್ಕು ದಿನ ತಡವಾಗಿ ಬಂದವನು. ಮಾವನವರಿಗೆ ಇನ್ನೂ ಮೂತ್ರ ಹೋಗುತ್ತಿದೆ, ಪೊಟ್ಯಾಸಿಯಂ ಹತೋಟಿಯಲ್ಲಿದೆ. ಅವರ ಹೆಸರು 48ನೆಯದು, ಕಾಯುವವರಲ್ಲಿ ಮೂರನೆಯದು.

ಕಾಯುವಾಗಲೂ ಮಾಡುವ ಕೆಲಸವಿದೆ. ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲೆಂದು ಎರಡು ರಕ್ತನಾಳಗಳನ್ನು ಸೇರಿಸುವ ಶಸ್ತ್ರಚಿಕಿತ್ಸೆ) ಈಗಲೇ ಮಾಡಿಸು. ಅದು ಬಳಕೆಗೆ ಬರಲು ಹಲವು ವಾರ ಬೇಕು. ಆ ಕೈಯಿಂದ ರಕ್ತ ತೆಗೆಯಲು ಯಾರಿಗೂ ಬಿಡಬೇಡ. ಬಿಸಿಲೆಂದು ಎಳನೀರು ಕೊಡಬೇಡ, ಅದರಲ್ಲಿ ಪೊಟ್ಯಾಸಿಯಂ ಬಹಳ. ಗುರುವಾರ ಹೊಸ ರಕ್ತಪರೀಕ್ಷೆಯ ಚೀಟಿಯೊಂದಿಗೆ ಅವರನ್ನು ಕರೆದುಕೊಂಡು ಬಾ. ಅಂಕಿ ಬದಲಾಗಿದ್ದರೆ ಸ್ಥಾನವೂ ಬದಲಾಗುತ್ತದೆ, ನೀನು ಫೋನು ಮಾಡಬೇಕಿಲ್ಲ.

ಇಂತಿ ನಿನ್ನ ಗೆಳೆಯ