ಎಲ್ಲಾ ಜಾಕ್ಸನ್ ತಲೆಗೆ ಕಟ್ಟಿ ಕೈ ತೊಳ್ಕೋಬೇಡಿ

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿಗಳನ್ನ ಅವರ ನೆಲದಿಂದ ಪಶ್ಚಿಮಕ್ಕೆ ಓಡಿಸಿದ ‘ಕಣ್ಣೀರ ಹಾದಿ’ ಬಗ್ಗೆ ಅರ್ಧ ಪುಟ ಬಂತಲ್ಲ, ಉತ್ತರ ಜಾರ್ಜಿಯಾದಲ್ಲಿ ಅದರ ನೆನಪಿಗೆ ಉಳಿಸಿರೋ ಜಾಗದ ಫೋಟೋ ಹಾಕಿ ಅಮೆರಿಕದಲ್ಲಿರೋ ಕನ್ನಡಿಗರು ಒಮ್ಮೆ ಹೋಗಿ ಬನ್ನಿ ಅಂತ ಬೇರೆ ಬರೆದಿದ್ರಿ. ನಾವಿರೋದು ಅಟ್ಲಾಂಟಾ ಪಕ್ಕದಲ್ಲೇ, ಊರಿಂದ ಅಪ್ಪ ಅಮ್ಮ ಬಂದಿದಾರೆ, ನಿಮ್ಮ ಮಾತು ಕೇಳ್ಕೊಂಡು ಶನಿವಾರ ಪುಳಿಯೋಗರೆ ಕಟ್ಕೊಂಡು ಹೊರಟ್ವಿ. ಹೋಗಿ ನೋಡಿದ್ರೆ ಗೇಟಿಗೆ ಬೀಗ. ಸಿಬ್ಬಂದಿ ಇಲ್ಲ ಅಂತ ಒಂದು ಚೀಟಿ, ಅದೂ ಮಳೆಗೆ ನೆನೆದು ಇಂಕು ಇಳಿದು ಅರ್ಧ ಓದೋಕಾಗಲ್ಲ. ವೆಬ್‌ಸೈಟಲ್ಲಿ ಮಾತ್ರ ‘ಓಪನ್’ ಅಂತ ಹಸಿರು ಅಕ್ಷರ ರಾರಾಜಿಸ್ತಾ ಇದೆ. ಫೋನ್ ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಬರೀ ಮ್ಯೂಸಿಕ್ಕು. ಅಪ್ಪಂಗೆ ಶುಗರ್, ಟಾಯ್ಲೆಟ್ಟಿಗೂ ಬೀಗ, ಗ್ಯಾಸ್ ಸ್ಟೇಷನ್ ಹುಡ್ಕೊಂಡು ಹೋದ್ರೆ ಅವನು ಏನಾದ್ರೂ ತಗೊಂಡ್ರೇ ಕೀ ಕೊಡೋದು ಅಂದ, ಬೇಡದ ಚಿಪ್ಸಿಗೆ ದುಡ್ಡು ದಂಡ ಆಯ್ತು. ಊಟ ಕಾರಲ್ಲೇ.

ಅಲ್ಲೇ ಕೂತು ನಿಮ್ಮ ಲೇಖನ ಮತ್ತೆ ಓದಿದ್ರೆ ಮೈ ಉರೀತು. 1838ರಲ್ಲಿ ಅಧ್ಯಕ್ಷ ಜಾಕ್ಸನ್ ಸೈನ್ಯ ಕಳಿಸಿದ ಅಂತ ಬರೆದಿದೀರಿ. ಸ್ವಾಮೀ, ಜಾಕ್ಸನ್ 1837ರ ಮಾರ್ಚಲ್ಲೇ ಕುರ್ಚಿ ಬಿಟ್ಟು ಮನೆಗೆ ಹೋಗಿದ್ದ. ಆಗ ಅಧ್ಯಕ್ಷ ವಾನ್ ಬ್ಯೂರನ್, ಸುಮಾರು 7,000 ಸೈನಿಕರನ್ನ ಇಟ್ಕೊಂಡು ಬಂದಿದ್ದು ಜನರಲ್ ವಿನ್‌ಫೀಲ್ಡ್ ಸ್ಕಾಟ್. ಜಾಕ್ಸನ್ ಸಾಚಾ ಅಂತ ನಾನು ಹೇಳ್ತಿಲ್ಲ, ಮೂಲನಿವಾಸಿಗಳನ್ನ ಎತ್ತಂಗಡಿ ಮಾಡೋ 1830ರ ತೆರವು ಕಾಯ್ದೆಗೆ ಸಹಿ ಹಾಕಿದ್ದು ಅವನೇ. ಆದ್ರೆ ಒಬ್ಬನ್ನ ವಿಲನ್ ಮಾಡಿ ನಿಲ್ಸಿದ್ರೆ ಆಫೀಸಲ್ಲಿ ಕೂತು ಈ ಕೆಲ್ಸ ಮಾಡಿದೋರೆಲ್ಲ ಬಚಾವ್!

ಅವರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲಿಲ್ಲ. ಜಾರ್ಜಿಯಾದ ಡಹ್ಲೊನೆಗಾ ಕಡೆ ಚಿನ್ನ ಸಿಕ್ತು ಅಂತ ಸುದ್ದಿ ಆಗಿದ್ದೇ ತಡ, ಚೆರೋಕಿಗಳು ಇನ್ನೂ ಉಳುಮೆ ಮಾಡ್ತಾ ಇರೋವಾಗ್ಲೇ ಸರ್ವೆಯವರು ಸರಪಳಿ ಹಿಡ್ಕೊಂಡು ಬಂದು 160 ಎಕರೆ, ಚಿನ್ನ ಇರೋ ಕಡೆ 40 ಎಕರೆ ಅಂತ ತುಂಡು ಹಾಕಿ, 1832ರಲ್ಲಿ ಜಾತ್ರೆ ಲಕ್ಕಿ ಡಿಪ್ ಥರ ಡ್ರಮ್ಮಿಂದ ಚೀಟಿ ಎತ್ತಿ ಬಿಳಿಯರಿಗೆ ಹಂಚಿದ್ರು. ಜಾರ್ಜಿಯಾ ಕಾನೂನು ಚೆರೋಕಿ ನೆಲದಲ್ಲಿ ನಡೆಯಲ್ಲ ಅಂತ ಅದೇ ವರ್ಷ ಸುಪ್ರೀಂ ಕೋರ್ಟೇ ಹೇಳಿತ್ತು, ಯಾರು ಕೇಳ್ತಾರೆ. ಚೆರೋಕಿಗಳ ಮುಖ್ಯಸ್ಥ ಜಾನ್ ರಾಸ್ 1835ರಲ್ಲಿ ವಾಷಿಂಗ್ಟನ್ನಿಂದ ವಾಪಸ್ ಬಂದ್ರೆ ಅವನ ಮನೇಲಿ ಲಾಟರಿ ಗೆದ್ದೋನು ಸಂಸಾರ ಹೂಡಿದ್ದ.

ನೆಲ ಬಿಟ್ಟು ಹೋಗೋ ಒಪ್ಪಂದಕ್ಕೆ ಚೆರೋಕಿಗಳೇ ಒಪ್ಪಿದ್ರು ಅಂತ ಬರೆದಿದೀರಲ್ಲ, ಅದಂತೂ ಶುದ್ಧ ಸುಳ್ಳು. 1835ರ ಡಿಸೆಂಬರಲ್ಲಿ ಒಂದು ಚಿಕ್ಕ ಗುಂಪು ಸಹಿ ಹಾಕಿತು, ರಾಸ್ ಹಾಕ್ಲಿಲ್ಲ, ಬೇಡ ಅಂತ ಸಾವಿರಾರು ಸಹಿ ಇದ್ದ ಮನವಿ ಹೋಯ್ತು, ಆದ್ರೂ ಸೆನೆಟ್ಟಲ್ಲಿ ಪಾಸಾಯ್ತು, ಒಂದೇ ಒಂದು ಓಟು ಕಮ್ಮಿ ಬಿದ್ದಿದ್ರೂ ಬೇಕಾದ ಮೂರನೇ ಎರಡು ಬಹುಮತ ಸಿಗ್ತಿರಲಿಲ್ಲ. ಆಮೇಲೆ ಬಂದ್ರು ನೋಡಿ ಅಳತೆಯವರು! ಮನೆ ಇಷ್ಟು ಅಡಿ, ಜೋಳದ ಕಣಜ ಇಷ್ಟು, ಪೀಚ್ ಮರ ಇಷ್ಟು, ಸೇಬಿನ ಮರ ಇಷ್ಟು, ಒಂದೊಂದಕ್ಕೂ ರೇಟು. ಮಹಜರು ಮಾತ್ರ ಏನು ಅಚ್ಚುಕಟ್ಟು. ಹಂಗೆ ಎಣಿಸಿ ಬರ್ಕೊಂಡ ಮನೆಗಳ ಜನರನ್ನೇ 1838ರ ಬೇಸಿಗೇಲಿ ಸೈನಿಕರು ಬಂದೂಕು ತೋರ್ಸಿ ದೊಡ್ಡಿಗೆ ತುಂಬಿದ್ರು, ಭೇದಿ ಹತ್ಕೊಂಡು ಅಲ್ಲೇ ಎಷ್ಟೋ ಜನ ಸತ್ರು, ಉಳಿದೋರಲ್ಲಿ ಎಷ್ಟೋ ಜನ ಚಳಿಗಾಲದಲ್ಲಿ ಮಿಸಿಸಿಪ್ಪಿ ನದೀಲಿ ಮಂಜುಗಡ್ಡೆ ತುಂಬಿ ದಾಟೋಕಾಗದೆ ದಂಡೇಲಿ ಕೂತ್ರು. ಸುಮಾರು 16,000 ಜನ, ಸತ್ತೋರು 4,000 ಅಂತ ಅಂದಾಜು. ಸಾಗಿಸಿದ ಖರ್ಚನ್ನ ನೆಲಕ್ಕೆ ಬದಲಾಗಿ ಅವರಿಗೆ ಬರಬೇಕಿದ್ದ 50 ಲಕ್ಷ ಡಾಲರಲ್ಲೇ ಮುರ್ಕೊಂಡ್ರು, ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಪೀಚ್ ಮರದ ಲೆಕ್ಕ ಹೇಳಿದ್ದಕ್ಕೆ ಅಪ್ಪ, “ಲಿಂಗನಮಕ್ಕಿ ನೀರು ಬರೋಕೆ ಮುಂಚೆ ನಮ್ಮ ಅಡಿಕೆ ಮರಾನೂ ಹೀಗೇ ಎಣಿಸಿದ್ರು ಕಣೋ, ಫಸಲಿಗೆ ಬರದಿದ್ದ ಸಸಿ ಬಿಟ್ಟು” ಅಂದ್ರು. ಮುಳುಗಡೆ ಆಗಿ ಅರವತ್ತು ವರ್ಷ ದಾಟ್ತು, ಹಕ್ಕುಪತ್ರ ಇನ್ನೂ ಬಂದಿಲ್ಲ. ಈ ಟೇಬಲ್ಲಿಂದ ಆ ಟೇಬಲ್ಲಿಗೆ, ಒಂದು ಸಲ ಫೈಲೇ ಇಲ್ಲ ಅಂದ್ರು, ಇನ್ನೊಂದು ಸಲ ಅರಣ್ಯದವರನ್ನ ಕೇಳಿ ಅಂದ್ರು, ಮತ್ತೊಬ್ಬ ಮಹಾನುಭಾವ ಜೆರಾಕ್ಸ್ ಸರಿಯಾಗಿ ಬಂದಿಲ್ಲ ಅಂತ ವಾಪಸ್ ಕಳಿಸಿದ. ಟೇಬಲ್ ಹಿಂದೆ ಕೂರೋ ಈ ಜಾತಿಗೆ ದೇಶ ಕಾಲ ಅಂತ ಇಲ್ಲ ಬಿಡಿ. ಚೆರೋಕಿಗಳ ಜೊತೆ ಪರ್ಮಿಟ್ ಇಲ್ಲದೆ ವಾಸ ಮಾಡಿದ ಅಂತ ವೂಸ್ಟರ್ ಅನ್ನೋ ಪಾದ್ರಿನ ಜೈಲಿಗೆ ಹಾಕಿದ್ರಲ್ಲ, ಅವನಿಗೆ ಪೂರ್ತಿ ಕ್ಷಮೆ ಅಂತ ಜಾರ್ಜಿಯಾದ ಕಾಗದ ಬಂದಿದ್ದು 1992ರಲ್ಲಿ, ಅವನು ಸತ್ತು ನೂರು ವರ್ಷ ದಾಟಿತ್ತು.

1835ರ ಅದೇ ಒಪ್ಪಂದದ ಏಳನೇ ಕಲಂನಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಚೆರೋಕಿಗಳ ಪ್ರತಿನಿಧಿ ಅಂತ ಇದೆ. 2019ರಲ್ಲಿ ಚೆರೋಕಿಗಳು ಅದಕ್ಕೆ ಕಿಮ್ ಟೀಹೀ ಅವರ ಹೆಸರು ಕೊಟ್ರು, 2022ರಲ್ಲಿ ಒಂದು ವಿಚಾರಣೆ ಅಂತ ಆಯ್ತು, ಕುರ್ಚಿ ಇವತ್ತಿಗೂ ಇಲ್ಲ. ನೆಲ ಕಿತ್ಕೊಳ್ಳೋ ಕಲಂ ಮಾತ್ರ ಎರಡೇ ವರ್ಷದಲ್ಲಿ ಜಾರಿ!

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಯಾರು ಸಂಬಂಧಪಟ್ಟವರು ಅಂತ ನನ್ನ ಕೇಳ್ಬೇಡಿ, ವಾಷಿಂಗ್ಟನ್ನವರೋ ಬೆಂಗಳೂರಿನವರೋ, ಯಾರಾದ್ರೂ ಸರಿ, ಕುರ್ಚಿ ಕೊಡೋರು ಕುರ್ಚಿ ಕೊಡಿ, ಹಕ್ಕುಪತ್ರ ಕೊಡೋರು ಹಕ್ಕುಪತ್ರ ಕೊಡಿ. ನೀವು ತಿದ್ದುಪಡಿ ಹಾಕಿ, ಅದನ್ನ ಒಳಪುಟದ ಮೂಲೇಲಿ ಇರುವೆ ಗಾತ್ರದ ಅಕ್ಷರದಲ್ಲಿ ತುರುಕಬೇಡಿ, ತಪ್ಪು ಅರ್ಧ ಪುಟ ಬರೆದೋರು ಸರಿ ಬರೆಯೋಕೂ ಅರ್ಧ ಪುಟ ಕೊಡಿ.

— ನಿಮ್ಮ ಹಳೇ ಓದುಗ, ಆಲ್ಫರೆಟ್ಟಾ, ಜಾರ್ಜಿಯಾ (ಊರು ಸಾಗರ)